ಕೆಂಪು ಪಟ್ಟಿಯ ಕೂಸು

ಈ ಕಂತು ಬರೆಯುವ ಮೊದಲು ಓದುಗರ ಕ್ಷಮೆ ಕೇಳಬೇಕು. ಹಸಿದ ಮಕ್ಕಳ ಊರಿನ ಸಂಗತಿಯನ್ನು ವಾರವಾರವೂ ಕುತೂಹಲಕ್ಕೆ ನಿಲ್ಲಿಸಿ ಹೇಳುವುದು ಸರಿಯೇ ಎಂಬ ಅಳುಕು ನನಗೆ ಮೊದಲ ಕಂತಿನಿಂದಲೂ ಇದೆ. ಇದನ್ನು ಹೇಳಲು ನನಗಿಂತ ತಕ್ಕವರು ಆ ಊರಿನಲ್ಲೇ, ಗಿದಾನ್ ಕೂಕಾದಲ್ಲೇ ಇದ್ದಾರೆ. ಅವರು ಬಾಯಿ ಬಿಡುತ್ತಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ.

"ಆ ಪೆಟ್ಟಿಗೆ ಇಳಿಸು."

ಸಾರ್ಜೆಂಟ್ ಬರೀರಾ ಜೋರಾಗಿಯೇನೂ ಹೇಳಲಿಲ್ಲ. ಆದರೂ ಹೊರೆಯಾಳು ವ್ಯಾನಿನ ಬಾಗಿಲಲ್ಲಿ ಹೆಜ್ಜೆ ತಡೆದ. ತಲೆಯ ಮೇಲೆ ಶೇಂಗಾ ಮುದ್ದೆಯ ಪೆಟ್ಟಿಗೆ. ಒಮ್ಮೆ ಅವಳ ಖಾಕಿ ಟೋಪಿ ನೋಡಿದ, ಒಮ್ಮೆ ಅಗೋಸು ಸಾಹೇಬನ ಮುಖ ನೋಡಿದ.

"ನೀನು ಏರಿಸಪ್ಪ," ಅಂದ ಅಗೋಸು. "ಉಗ್ರಾಣ ಇವಳ ಅಪ್ಪಂದಲ್ಲ."

ಅಗೋಸು ನೆರವು ಸಂಸ್ಥೆಯ ಕಡೆಯವನು. ದೂರದ ಕಡಲತೀರದ ಕೋಟನೂ ಪಟ್ಟಣದವನು. ಈ ಸೀಮೆಯ ಹೌಸಾ ಮಾತನ್ನು ಸಂತೆಯಲ್ಲಿ ಕಲಿತಿದ್ದ, ಸಂತೆಯ ಒರಟುತನ ಬಿಡದೆ ಕಲಿತಿದ್ದ.

ಹೋದ ವಾರ ಓದಿದವರಿಗೆ ಗೊತ್ತು: ಬೀಗ ಮುರಿದಿರಲಿಲ್ಲ, ಗೋಡೆ ಕೊರೆದಿರಲಿಲ್ಲ, ಆದರೂ ಬಡಕಲಾದ ಮಕ್ಕಳಿಗೆಂದು ಬಂದ ಮುದ್ದೆ ಸಂತೆಯ ಚಹಾ ಅಂಗಡಿಗಳಲ್ಲಿ ರೊಟ್ಟಿಗೆ ಸವರಿಕೊಂಡು ಬಿಕರಿಯಾಗುತ್ತಿತ್ತು. ಬೀಗದ ಕೈ ಇದ್ದದ್ದು ಮಕ್ಕಳ ಪೋಷಣೆಯ ಕೇಂದ್ರದ ನರ್ಸ್ ಲವಾಲಿಯ ಬಳಿ ಮಾತ್ರ.

ಆ ಲವಾಲಿ ಈಗ ಅಂಗಳದ ಬೇವಿನ ಮರದಡಿ ಕೂತಿದ್ದ. ಮುಂಗೈ ಎರಡೂ ಹಗ್ಗದಲ್ಲಿ. ಕಟ್ಟಿದವಳು ಬರೀರಾಳೇ.

"ಮಧ್ಯಾಹ್ನದ ನಮಾಜಿನವರೆಗೂ ಗಡುವು ಕೊಟ್ಟಿದ್ದೆ," ಅಂದ ಅಗೋಸು. "ಮುದ್ದೆ ಹೇಗೆ ಹೊರಗೆ ಹೋಗ್ತಿದೆ ಅಂತ ಹೇಳು. ಇಲ್ಲ ಅಂದ್ರೆ ಪೆಟ್ಟಿಗೆಗಳೆಲ್ಲ ನನ್ನ ಜೊತೆ ಹೊರಡ್ತವೆ, ಕೇಂದ್ರಕ್ಕೆ ಮುದ್ರೆ ಬೀಳುತ್ತೆ. ತೂತು ಮಡಕೆಗೆ ನೀರು ಹುಯ್ಯೋಕೆ ದಾನ ಕೊಟ್ಟೋರು ದಡ್ಡರಲ್ಲ."

"ಮುದ್ರೆ ಎಲ್ಲಿವರೆಗೆ?"

"ಸುಗ್ಗಿವರೆಗೆ."

ಬರೀರಾ ಬೇಲಿಯಾಚೆ ನೋಡಿದಳು. ಹೊಲದಲ್ಲಿ ಸಜ್ಜೆ ಆಳೆತ್ತರ ನಿಂತಿತ್ತು, ಹಸಿರೋ ಹಸಿರು. ತೆನೆ ಇನ್ನೂ ಹಾಲು ಕಟ್ಟಿರಲಿಲ್ಲ. ಹೋದ ವರ್ಷದ ಕಣಜಗಳನ್ನು ಹೆಂಗಸರು ಯಾವಾಗಲೋ ಕೆರೆದು ಮುಗಿಸಿದ್ದರು. ಸುಗ್ಗಿ ಬರುವಷ್ಟರಲ್ಲಿ ಬೇಲಿಯ ಈಚೆ ಸಾಲಾಗಿ ಕೂತ ಮಕ್ಕಳಲ್ಲಿ ಎಷ್ಟು ಉಳಿದಾವು ಎಂದು ಲೆಕ್ಕ ಹಾಕುವ ಧೈರ್ಯ ಅವಳಿಗೆ ಆಗಲಿಲ್ಲ.

ಸಾಲಿನಿಂದ ಒಬ್ಬ ಮುದುಕಿ ಕೂಗಿದಳು.

"ಪೊಲೀಸಮ್ಮ, ನೀನು ಬರೋ ಮೊದಲು ಕಳ್ಳನೂ ಇದ್ದ, ಮುದ್ದೆನೂ ಇತ್ತು. ನೀನು ಬಂದ ಮೇಲೆ ಕಳ್ಳನೂ ಇಲ್ಲ, ಮುದ್ದೆನೂ ಇಲ್ಲ. ನಿನಗಿಂತ ಕಳ್ಳನೇ ವಾಸಿ!"

ಸಾಲು ನಕ್ಕಿತು. ಪ್ರೀತಿಯ ನಗುವಲ್ಲ ಅದು.

"ಇವತ್ತು ವಾರದ ಅಳತೆ ದಿನ," ಅಂದಳು ಬರೀರಾ ಅಗೋಸುವಿಗೆ. "ಅಳತೆ ನಡೀಲಿ."

"ಯಾಕೆ?"

"ಕಳ್ಳ ಬಾಗಿಲು ಮುಚ್ಚಿದಾಗ ಬಂದಿಲ್ಲ. ಹಾಗಾದ್ರೆ ತೆರೆದಾಗಲೇ ಬಂದಿರಬೇಕು. ಬಾಗಿಲು ತೆರೆಯೋದು ವಾರಕ್ಕೆ ಒಂದೇ ಸಲ, ಇವತ್ತು."

ಅಗೋಸು ಹಣೆಯ ಬೆವರು ಒರೆಸಿಕೊಂಡು ವ್ಯಾನಿನ ಕಡೆ ಕೈ ಬೀಸಿದ. ಹೊರೆಯಾಳು ಪೆಟ್ಟಿಗೆ ಇಳಿಸಿದ. ಇಳಿಸಿದ ಸದ್ದಿಗೆ ಸಾಲಿನಲ್ಲಿ ಮಕ್ಕಳ ತಲೆಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು.

"ನಮಾಜಿನವರೆಗೆ," ಅಂದ ಅಗೋಸು. "ಅದಾದ್ಮೇಲೆ ದೇವರು ಬಂದು ಕೇಳಿದ್ರೂ ಇಲ್ಲ."

ಬೇವಿನ ಮರದಡಿಯಿಂದ ಲವಾಲಿ ಉಗುಳಿದ. "ಈ ಬುದ್ಧಿ ನನ್ನ ಕೈ ಕಟ್ಟೋ ಮೊದಲು ಬಂದಿದ್ರೆ ಚೆನ್ನಾಗಿತ್ತಲ್ಲ, ಸಾರ್ಜೆಂಟಮ್ಮ?"

ಬರೀರಾ ಮರದ ನೆರಳಲ್ಲೇ ನಿಂತು ಸಾಲಿನ ಕಡೆ ತಿರುಗಿದಳು.

ಅಳತೆ ಮಾಡುವವಳು ಊರಿನವಳೇ, ಕಂದೆಯಕ್ಕ. ಕೆಲಸ ಸುಲಭ. ಮಗುವಿನ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿ ಎಳೆಯುವುದು. ಪಟ್ಟಿಯ ಕಿಂಡಿಯಲ್ಲಿ ಹಸಿರು ಕಂಡರೆ ತೋಳು ತುಂಬಿದೆ, ಮಗು ಮನೆಗೆ. ಹಳದಿಯಾದರೆ ಹಿಟ್ಟು. ಕೆಂಪಾದರೆ ಕೈಗೆ ಪ್ಲಾಸ್ಟಿಕ್ ಬಳೆ ಬಿಗಿದು, ವಾರಕ್ಕಾಗುವಷ್ಟು ಮುದ್ದೆಯ ಪೊಟ್ಟಣ ಕೊಟ್ಟು ಕಳಿಸುವುದು. ಮುಂದಿನ ವಾರ ತಾಯಿ ಖಾಲಿ ಪೊಟ್ಟಣಗಳನ್ನು ವಾಪಸ್ಸು ತರಬೇಕು, ಮಗು ತಿಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಜೊತೆಗೆ ಎಲ್ಲರೆದುರು ಒಂದು ಪೊಟ್ಟಣ ಬಿಡಿಸಿ ಮಗುವಿಗೆ ನೆಕ್ಕಿಸಬೇಕು. ನೆಕ್ಕದೆ ಹಸಿವೇ ಸತ್ತ ಮಗುವನ್ನು ಪಟ್ಟಣದ ಆಸ್ಪತ್ರೆಗೇ ಕಳಿಸಬೇಕಾಗುತ್ತದೆ.

ಮಕ್ಕಳು ಪಟ್ಟಿ ಕಂಡೊಡನೆ ಕಿರುಚುತ್ತಿದ್ದವು. ಅಜ್ಜಿಯಂದಿರು ಗದರುತ್ತಿದ್ದರು, ಅತ್ತೆಯಂದಿರು ಮಕ್ಕಳ ಕಾಲು ಅದುಮಿ ಹಿಡಿಯುತ್ತಿದ್ದರು. ಚಿಕ್ಕ ವಯಸ್ಸಿನ ತಾಯಂದಿರು ಕೆಲವರು ಮುಖ ಆ ಕಡೆ ಮಾಡಿ ಗೋಡೆ ನೋಡುತ್ತಿದ್ದರು.

"ನೋಡು, ನೋಡು ಅವಳನ್ನ," ಅಂದ ಅಗೋಸು. "ಮಗು ಉಸಿರು ಕಟ್ಟೋ ಹಾಗೆ ಅಳ್ತಿದೆ, ಹೆತ್ತೋಳು ಗೋಡೆ ನೋಡ್ತಾಳೆ. ಇಂಥೋರು ಮುದ್ದೆ ಮಾರದೆ ಇನ್ನೇನು ಮಾಡ್ತಾರೆ? ಹೋದ ವಾರವೇ ಹೇಳಿದೀನಿ, ಮಗು ಮುಖ ನೋಡದ ತಾಯಿಗೆ ಇನ್ನು ಮುದ್ದೆ ಇಲ್ಲ."

ಬರೀರಾ ತುಟಿ ಕಚ್ಚಿದಳು. ಇವನಿಗೆ ಹೇಗೆ ಹೇಳುವುದು?

ಗೋಡೆ ನೋಡುತ್ತಿದ್ದವರೆಲ್ಲ ಚೊಚ್ಚಿಲ ಮಗುವಿನ ತಾಯಂದಿರು. ಚೊಚ್ಚಿಲ ಮಗುವನ್ನು ನಾಲ್ಕು ಜನರೆದುರು ಮುದ್ದಿಸುವುದು, ಹೆಸರು ಹಿಡಿದು ಕರೆಯುವುದು ಆ ಸೀಮೆಯಲ್ಲಿ ನಾಚಿಕೆಗೇಡು. ಅಜ್ಜಿ ಎತ್ತಿಕೊಳ್ಳುತ್ತಾಳೆ, ಅತ್ತಿಗೆ ಉಣ್ಣಿಸುತ್ತಾಳೆ, ತಾಯಿ ಓರೆಗಣ್ಣಿನಲ್ಲಿ ನೋಡಿ ಒಳಗೊಳಗೇ ನುಂಗಿಕೊಳ್ಳುತ್ತಾಳೆ. ಪ್ರೀತಿ ಇಲ್ಲದ್ದಕ್ಕಲ್ಲ, ಇರುವುದನ್ನು ತೋರಿಸಬಾರದು ಎಂಬುದಕ್ಕೆ.

ಬರೀರಾಳೂ ಹಾಗೆಯೇ ಬೆಳೆದವಳು. ಅವಳ ಚೊಚ್ಚಿಲ ಗಂಡುಮಗುವನ್ನು ಮೊಲೆ ಬಿಡಿಸಿದೊಡನೆ ಅತ್ತೆ ಬಂದು ಕುರ್ನಾ ಊರಿಗೆ ಕರೆದೊಯ್ದಿದ್ದಳು. ಅದೇ ಪದ್ಧತಿ. ಆಮೇಲೆ ಗಂಡ ಲಿಬಿಯಾಕ್ಕೆ ಹೋದ, ಇವಳಿಗೆ ದೂರದ ಠಾಣೆಗೆ ವರ್ಗವಾಯಿತು. ಎರಡು ಮಳೆಗಾಲ ಕಳೆದವು, ಈ ತನಿಖೆ ಬರುವವರೆಗೆ ಅವಳು ಈ ಕಡೆ ಕಾಲಿಟ್ಟಿರಲಿಲ್ಲ. ಮಗನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಒಬ್ಬಳೇ ಇದ್ದಾಗಲೂ. ಮೊನ್ನೆ ಲಾರಿಯವನ ಕೈಲಿ ಅತ್ತೆ ಹೇಳಿಕಳಿಸಿದ್ದಳು: ಈ ವರ್ಷ ಸಜ್ಜೆ ಕಳಿಸಬೇಡ, ದೇವರು ನಡೆಸ್ತಿದಾನೆ, ಹುಡುಗ ಚೆನ್ನಾಗಿದಾನೆ. ಊರೆಲ್ಲ ಕೈಯೊಡ್ಡುವ ತಿಂಗಳಲ್ಲಿ ಬೇಡ ಎನ್ನುವ ಅತ್ತೆ! ಬರೀರಾ ಆ ಮಾತನ್ನು ಠಾಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

"ಹರೂನಾ! ನನ್ನ ಬಂಗಾರ, ಇಲ್ಲಿ ನೋಡಪ್ಪ. ಅಮ್ಮನ ನೋಡು."

ಸಾಲಿನ ಗದ್ದಲ ಕತ್ತರಿಸಿದ ಹಾಗೆ ನಿಂತಿತು.

ಕಂದೆಯಕ್ಕನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ನೀಲಿ ಬಟ್ಟೆ, ಪಾದಕ್ಕೆ ಮಾಸಿದ ಮದರಂಗಿ. ಮಡಿಲಲ್ಲಿ ಗಂಡು ಕೂಸು. ಅವಳು ಅದರ ಮೂಗು ಒರೆಸಿದಳು, ಕೆನ್ನೆಗೆ ಲೊಚಲೊಚ ಮುತ್ತಿಟ್ಟಳು, ಮತ್ತೊಮ್ಮೆ ಹೆಸರು ಹಿಡಿದು ಕರೆದಳು.

ಪಕ್ಕದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೋ ಕಿಸಕ್ಕೆಂದರು.

"ಸದ್ಯ," ಅಂದ ಅಗೋಸು ಮುಖ ಅರಳಿಸಿ. "ಇವಳೊಬ್ಬಳಾದ್ರೂ ತಾಯಿ ಇದಾಳೆ."

ಬರೀರಾ ಮರದ ನೆರಳಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಹುಡುಗಿಯನ್ನಲ್ಲ, ಕೂಸನ್ನು ನೋಡಿದಳು.

ಕೂದಲು ಬಣ್ಣ ಕಳೆದು ಕೆಂಚಾಗಿತ್ತು. ಕಣ್ಣುಗಳು ಮುಖಕ್ಕಿಂತ ದೊಡ್ಡವಾಗಿ ಕಾಣುತ್ತಿದ್ದವು. ಕಂದೆಯಕ್ಕ ಪಟ್ಟಿ ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ, ಅಷ್ಟರಲ್ಲೇ ಅದು ತನ್ನ ಎಡತೋಳನ್ನು ತಾನೇ ಮುಂದೆ ಚಾಚಿತು. ಅಳಲಿಲ್ಲ, ಕೊಸರಲಿಲ್ಲ. ಕೆಲಸಕ್ಕೆ ಬಂದ ದೊಡ್ಡವನ ಹಾಗೆ ಚಾಚಿ, ಕಾದು ಕೂತಿತು.

"ಕೆಂಪು," ಅಂದಳು ಕಂದೆಯಕ್ಕ. "ಹೋದ ವಾರದಷ್ಟೇ ಇದೆ. ಒಂದು ಕೂದಲೆಳೆಯೂ ಏರಿಲ್ಲ."

ಪೊಟ್ಟಣ ಬಿಡಿಸಿ ಬಾಯಿಗೆ ಹಿಡಿದಳು. ಕೂಸು ನೆಕ್ಕಿತು. ಮತ್ತೆ ನೆಕ್ಕಿತು. ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿತು. ಆಮೇಲೆ, ಬರೀರಾ ಅದನ್ನು ಮರೆಯಲಾರಳು, ಆ ಕೂಸು ಪೊಟ್ಟಣದ ಬಾಯನ್ನು ಪುಟ್ಟ ಬೆರಳಿನಲ್ಲಿ ಮಡಚಿ ಹುಡುಗಿಯ ಕೈಗೆ ವಾಪಸ್ಸು ಕೊಟ್ಟಿತು.

ಮುಕ್ಕಾಲು ಪೊಟ್ಟಣ ತುಂಬಿಯೇ ಇತ್ತು.

ಹಸಿದ ಕೂಸು ಅನ್ನ ವಾಪಸ್ಸು ಕೊಡುವುದನ್ನು ನಾನಂತೂ ಎಲ್ಲೂ ಕಂಡಿಲ್ಲ. ಬರೀರಾಳೂ ಕಂಡಿರಲಿಲ್ಲ.

"ನಿನ್ನ ಹೆಸರೇನಮ್ಮ?" ಅಂದಳು.

"ಹಬ್ಸೂ."

"ಇದು ನಿನಗೆ ಎಷ್ಟನೇದು?"

"ಮೊದಲನೇದು, ಅಕ್ಕ." ಹುಡುಗಿ ನಕ್ಕಳು. ಅಗೋಸು ಕಡೆ ತಿರುಗಿ ನಕ್ಕಳು.

"ಮೊದಲನೇದು," ಅಂದಳು ಬರೀರಾ. "ಎದ್ದೇಳು. ಖಾಲಿ ಪೊಟ್ಟಣ ಎಲ್ಲಿ?"

"ಯಾಕೆ? ತಂದಿದೀನಲ್ಲ. ಕಂದೆಯಕ್ಕ ಎಣಿಸ್ತಾಳೆ. ಪೊಲೀಸಿನೋರು ಕಸ ಎಣಿಸೋಕೂ ಶುರು ಮಾಡಿದ್ರಾ?"

ಸಾಲು ಮತ್ತೆ ನಕ್ಕಿತು, ಈ ಸಲ ಹಬ್ಸೂವಿನ ಪರ.

ಬರೀರಾ ಅವಳ ಗಂಟು ಬಿಚ್ಚಿ ಚಾಪೆಯ ಮೇಲೆ ಸುರಿದಳು. ಪಕ್ಕದಲ್ಲಿ ಕೂತ ಮುದುಕಿಯ ಗಂಟನ್ನೂ ಸುರಿದಳು.

"ಅಯ್ಯೋ, ನಂದೇನು ಮಾಡ್ತೀಯೇ?" ಅಂದಳು ಮುದುಕಿ. ಕಳ್ಳನೇ ವಾಸಿ ಎಂದು ಕೂಗಿದವಳು ಅವಳೇ.

"ಸ್ವಲ್ಪ ಸುಮ್ನಿರಜ್ಜಿ. ಸಾಹೇಬ್ರೇ, ಇಲ್ಲಿ ಬನ್ನಿ. ಎರಡೂ ರಾಶಿ ನೋಡಿ."

ಅಗೋಸು ಬಗ್ಗಿ ನೋಡಿದ. "ಎರಡೂ ಖಾಲಿ."

"ಅಜ್ಜಿ ಪೊಟ್ಟಣದ ಮೂಲೆ ಹಲ್ಲಲ್ಲಿ ಹರಿದಿದೆ. ಹಿಸುಕಿ ಹಿಸುಕಿ ಸುಕ್ಕಾಗಿದೆ. ಮರಳು ಮೆತ್ತಿದೆ, ಇರುವೆ ಮುತ್ತಿದೆ. ಮಗು ತಿಂದದ್ದು ಹೀಗಿರುತ್ತೆ. ಇವಳದು ನೋಡಿ."

ಹಬ್ಸೂ ತಂದ ಪೊಟ್ಟಣಗಳು ಉದ್ದಕ್ಕೆ, ನೇರವಾಗಿ, ಬ್ಲೇಡಿನಲ್ಲಿ ಸೀಳಿದ್ದವು. ಒಳಗೆಲ್ಲ ಚಮಚದಿಂದ ಬಳಿದ ಗೆರೆ. ಮರಳಿನ ಕಣವಿಲ್ಲ.

"ಕೂಸಿಗೆ ಯಾರು ಬ್ಲೇಡಿನಲ್ಲಿ ಪೊಟ್ಟಣ ಸೀಳ್ತಾರೆ? ಇದು ಚಹಾ ಅಂಗಡಿಯವನು ಡಬ್ಬಕ್ಕೆ ಬಳ್ಕೊಳ್ಳೋ ರೀತಿ. ಮುದ್ದೆ ಅವನಿಗೆ, ಖಾಲಿ ನಿನಗೆ. ಅಲ್ವಾ?"

ಹಬ್ಸೂವಿನ ನಗು ಮಾಸಲಿಲ್ಲ. ಗಟ್ಟಿ ಹುಡುಗಿ.

"ನಮ್ಮನೇಲಿ ಬ್ಲೇಡಲ್ಲೇ ಸೀಳೋದು. ಬಟ್ಟಲಿಗೆ ಹಾಕಿ ತಿನ್ನಿಸ್ತೀನಿ. ಶುಚಿಯಾಗಿರೋದೂ ತಪ್ಪಾ?"

"ಹೌದಲ್ಲ," ಅಂದ ಅಗೋಸು ಸಿಡುಕಿ. "ಸಾರ್ಜೆಂಟ್, ಇಷ್ಟು ಜನರಲ್ಲಿ ಮಗುವನ್ನ ಮಗುವಿನ ಹಾಗೆ ನೋಡ್ಕೊಳ್ಳೋಳು ಇವಳೊಬ್ಬಳು. ನಿನಗೆ ಇವಳೇ ಸಿಕ್ಕಿದ್ಳಾ? ಹೊತ್ತು ಕಳೀತಿದೀಯಾ."

"ಇವಳು ಇದರ ತಾಯಿ ಅಲ್ಲ, ಸಾಹೇಬ್ರೇ."

ಬಗ್ಗಿದ್ದ ಅಗೋಸು ನೆಟ್ಟಗಾದ.

"ಅಜ್ಜಿ," ಬರೀರಾ ಮುದುಕಿಯ ಕಡೆ ತಿರುಗಿದಳು, "ನಿನ್ನ ಚೊಚ್ಚಿಲ ಮಗನ ಹೆಸರೇನು?"

ಮುದುಕಿ ಕೆರಳಿ ಸೆರಗು ಎಳೆದುಕೊಂಡಳು. "ಥೂ! ಬಾಯಿಗೆ ಮಣ್ಣು ಬೀಳ! ನನ್ನ ಬಾಯಲ್ಲಿ ಅದನ್ನ ಹೇಳಿಸ್ತೀಯೇನೇ? ಅವನಿಗೇ ಮೊಮ್ಮಕ್ಕಳಾಗಿವೆ, ನಾನಿನ್ನೂ ಅವನ ಹೆಸರೆತ್ತಿಲ್ಲ!"

"ಕೇಳಿಸ್ತಾ, ಸಾಹೇಬ್ರೇ? ನೀವು ಬೈದ್ರಲ್ಲ, ಗೋಡೆ ನೋಡೋರು, ಅವರೆಲ್ಲ ಹೆತ್ತೋರು. ಇವಳು ಚೊಚ್ಚಿಲ ಅಂತಾಳೆ, ಊರೆದುರು ಹೆಸರು ಕೂಗ್ತಾಳೆ, ಮುತ್ತಿಡ್ತಾಳೆ. ಹೆತ್ತಿದ್ರೆ ನಾಲಿಗೆ ಏಳ್ತಿರಲಿಲ್ಲ."

"ಕಾಲ ಬದಲಾಗಿದೆ," ಹಬ್ಸೂ ಚುರುಕಾಗಿ ಅಂದಳು. "ಪಟ್ಟಣದಲ್ಲಿ ಎಲ್ಲರೂ ಕರೀತಾರೆ. ನೀನು ಯಾವ ಕಾಲದೋಳು? ನಾನು ನನ್ನ ಮಗುನ ಮುದ್ದು ಮಾಡಿದ್ರೆ ನಿನಗೇನು ಹೊಟ್ಟೆಯುರಿ? ನಿನ್ನ ಮಗು ಎಲ್ಲಿದೆ ಹೇಳು ನೋಡೋಣ, ಸಾರ್ಜೆಂಟಮ್ಮ! ಕೊನೇ ಸಲ ಯಾವಾಗ ಎತ್ಕೊಂಡೆ?"

ಏಟು ತಗಲಬೇಕಾದಲ್ಲಿ ತಗಲಿತು. ಬರೀರಾ ತೋರಗೊಡಲಿಲ್ಲ. ಬಗ್ಗಿ ಕೂಸಿನ ಮುಂಗೈ ಹಿಡಿದು ಎತ್ತಿದಳು.

"ಕೆಂಪಿನ ಮಗುವಿಗೆ ಬಳೆ ಒಂದೇ. ಈ ಬಲಗೈ ಮೇಲೆ ಹೊಸ ಬಳೆ ಇದೆ, ಅದು ಇಲ್ಲಿನದು. ಎಡಗೈ ಮೇಲೆ ಈ ತರಚು ಯಾವುದರದು? ಈ ಕಾಲಿನ ಮೇಲೆ? ಆ ಕಾಲಿನ ಮೇಲೆ? ಬಳೆ ಬಿಗಿದು, ಕತ್ತರಿಸಿ, ಮತ್ತೆ ಬಿಗಿದಿದಾರೆ. ಈ ಕೂಸು ಬೇರೆ ಊರಿನ ಕೇಂದ್ರಗಳಿಗೂ ಹೋಗುತ್ತೆ, ಬೇರೆ ತಾಯಂದಿರ ಜೊತೆ. ಅದಕ್ಕೇ ಕೇಳೋ ಮೊದಲೇ ತೋಳು ಚಾಚುತ್ತೆ."

ಕಂದೆಯಕ್ಕ ಕೂಸಿನ ಕಾಲು ಹಿಡಿದು ನೋಡಿದಳು. ನೋಡಿ, ಏನೂ ಹೇಳದೆ ತನ್ನ ಕೈಲಿದ್ದ ಪಟ್ಟಿಯನ್ನು ನೆಲಕ್ಕಿಟ್ಟಳು.

ಮುದುಕಿ ಎದ್ದಳು. ಎದ್ದವಳು ಹಬ್ಸೂವಿನ ಕೆನ್ನೆಗೆ ಬಾರಿಸಿಯೇ ಬಿಟ್ಟಳು.

"ನಿನ್ನ ದೆಸೆಯಿಂದ ನಮ್ಮ ಮಕ್ಕಳ ಬಾಯಿಗೆ ಬೀಗ ಬೀಳ್ತಿತ್ತಲ್ಲೇ, ಹಾದರಗಿತ್ತಿ!"

ಆಮೇಲೆ ಸಾಲು ಸಾಲಾಗಿ ಉಳಿಯಲಿಲ್ಲ. ಹೆಂಗಸರು ನುಗ್ಗಿದರು. ಯಾರೋ ಹಬ್ಸೂವಿನ ಜಡೆ ಹಿಡಿದರು, ಯಾರೋ ಚಪ್ಪಲಿ ತೆಗೆದರು. ಬರೀರಾ ಕೂಸನ್ನು ಕಂದೆಯಕ್ಕನ ಕಡೆ ತಳ್ಳಿ ತಾನು ನಡುವೆ ನಿಂತಳು. ಅವಳ ಟೋಪಿ ಹಾರಿತು, ಬೆನ್ನಿಗೆ ಎರಡು ಗುದ್ದು ಬಿದ್ದವು. ಬೇಕೆಂದೇ ಕೊಟ್ಟವು ಅವು.

"ಬಿಡ್ರೇ! ಇವಳು ಸತ್ರೆ ಮುದ್ದೆನೂ ಸತ್ತ ಹಾಗೆ! ಮಾತಾಡೋ ಬಾಯಿ ಇರೋದು ಇದೊಂದೇ!"

ಅದು ನಾಟಿತು. ಹೆಂಗಸರು ಹಿಂದೆ ಸರಿದರು, ಆದರೆ ಕೂರಲಿಲ್ಲ. ಹಬ್ಸೂ ನೆಲದ ಮೇಲೆ ಕೂತು ತುಟಿಯ ರಕ್ತ ಒರೆಸಿಕೊಂಡಳು. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. ಹೊಟ್ಟೆಗಿಲ್ಲದ ಹುಡುಗಿಯ ಮುಖವಷ್ಟೇ ಇತ್ತು.

"ಸಾಹೇಬನಿಗೆ ಏನು ಬೇಕೋ ಅದನ್ನ ತೋರಿಸಿದೆ," ಅಂದಳು. "ಮುಖ ನೋಡದ ತಾಯಿಗೆ ಮುದ್ದೆ ಇಲ್ಲ ಅಂದ. ನೋಡಿದೆ. ಮುತ್ತಿಡೋದನ್ನೂ ಇಟ್ಟೆ. ನಾನು ಹೆತ್ತೋಳಲ್ಲ, ಹೇಗೆ ಇರ್ತಾರೋ ನನಗೇನು ಗೊತ್ತು?"

ಅಗೋಸು ಆ ಮಾತಿಗೆ ಮುಖ ತಿರುಗಿಸಿದ.

"ಮುದ್ದೆಲಿ ಮಗುವಿಗೆ ಎಷ್ಟು ಕೊಡ್ತಿದ್ರಿ?" ಬರೀರಾ ಕೇಳಿದಳು.

"ಇಲ್ಲಿ ನೆಕ್ಕುತ್ತಲ್ಲ, ಅಷ್ಟೇ. ಇನ್ನೊಂದು ನೆಕ್ಕಿದ್ರೆ ಮನೇಲಿ ಏಟು. ಅದಕ್ಕೇ ತಾನಾಗೇ ವಾಪಸ್ಸು ಕೊಡುತ್ತೆ."

"ಯಾಕೆ?"

ಹಬ್ಸೂ ಅವಳನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ತೋಳು ಹಸಿರಿಗೆ ಬಂದ್ರೆ ಮುದ್ದೆ ನಿಲ್ಲುತ್ತೆ. ಕೂಸು ಸತ್ರೂ ನಿಲ್ಲುತ್ತೆ. ಎರಡರ ನಡುವೆ ಇಡಬೇಕು. ಅದು ಎಲ್ಲರ ಕೈಲಾಗೋ ಕೆಲಸ ಅಲ್ಲ, ನಮ್ಮನ್ನ ಕಳಿಸೋ ಮುದುಕಿಗೆ ಬರುತ್ತೆ."

ಯಾರೋ ಹೆಂಗಸು ಬಿಕ್ಕಿದಳು. ನೆರವಿನವರು ಪಟ್ಟಿ ಮಾಡಿದ್ದು ಸಾಯುವ ಮಗುವನ್ನು ಗುರುತಿಸಲು. ಯಾರೋ ಅದನ್ನೇ ತಿರುಗಿಸಿ ಹಿಡಿದು, ಮಗುವನ್ನು ಸಾಯಗೊಡದೆ, ಬದುಕಗೊಡದೆ, ಉಗ್ರಾಣದ ಬೀಗದ ಕೈಯಾಗಿ ಇಟ್ಟುಕೊಂಡಿದ್ದರು.

ಬರೀರಾ ಬೇವಿನ ಮರದತ್ತ ನಡೆದು ಲವಾಲಿಯ ಹಗ್ಗ ಬಿಚ್ಚತೊಡಗಿದಳು.

"ನಿಧಾನ," ಅಂದ ಲವಾಲಿ. "ಕೈ ಬಿಚ್ಚೋಕೆ ಅವಸರ ಏನಿಲ್ಲ. ಕಳ್ಳನ ತಂಗಿ ಬೇಡ ಅಂತ ಮೊನ್ನೆ ನನ್ನ ತಂಗಿ ಮದುವೆ ಮುರೀತು. ಮೊದಲು ಅದನ್ನ ಕಟ್ಟಿಕೊಡು."

"ಲವಾಲಿಯಣ್ಣ..."

"ಅಣ್ಣ ಅನ್ಬೇಡ. ಹೋಗಿ ನಿನ್ನ ಕೆಲಸ ಮುಗಿಸು."

ಅಷ್ಟರಲ್ಲಿ ಅಗೋಸು ವ್ಯಾನಿನ ಮುಂದೆ ಕೈಕಟ್ಟಿ ನಿಂತಿದ್ದ. ಅವನು ಮೆತ್ತಗಾಗಿರುತ್ತಾನೆಂದು ಬರೀರಾ ಎಣಿಸಿದ್ದಳು. ಆಗಿರಲಿಲ್ಲ.

"ಒಂದು ಕೂಸು ಸುಳ್ಳು ಅಂತಾಯ್ತು. ಉಳಿದ ಕೆಂಪಿನ ಮಕ್ಕಳಲ್ಲಿ ಎಷ್ಟು ಸುಳ್ಳು? ಗಿದಾನ್ ಕೂಕಾ ಒಂದೇನಾ? ಪಕ್ಕದ ಕೇಂದ್ರಗಳು? ನೀನು ತೂತು ತೋರಿಸಿದೀಯಾ, ಮುಚ್ಚಿಲ್ಲ. ನಾನು ನನ್ನ ಮೇಲಿನವರಿಗೆ ಏನು ಹೇಳಲಿ?"

"ಸಾಹೇಬ್ರೇ, ಹೇಗೆ ಹೋಗ್ತಿದೆ ಅಂತ ಹೇಳು ಅಂದ್ರಿ. ಹೇಳಿದೀನಿ."

"ಆ ಮುದುಕಿ ಯಾರು? ಕತ್ತಲಾಗೋ ಮೊದಲು ಅವಳನ್ನ ಇಲ್ಲಿ ಕೂರಿಸು. ಎಲ್ಲೆಲ್ಲಿಗೆ ಯಾವ್ಯಾವ ಮಗು ಕಳಿಸಿದಾಳೆ, ಅವಳ ಬಾಯಿಂದ ಬರಲಿ. ಆಗ ಪೆಟ್ಟಿಗೆ ಉಳೀತವೆ. ಇಲ್ಲ ಅಂದ್ರೆ ಸುಗ್ಗಿವರೆಗೆ ಮುದ್ರೆ. ಇದು ನನ್ನ ಕೊನೇ ಮಾತು."

ಹೆಂಗಸರು ಬರೀರಾಳನ್ನು ನೋಡಿದರು. ಈಗ ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಬೈಗುಳವೇ ಹಗುರವಿತ್ತು.

ಅವಳು ಹಬ್ಸೂವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯಾರು?"

"ಹೇಳಿದ್ರೆ ನನಗೇನು ಸಿಗುತ್ತೆ?"

"ಹೇಳದಿದ್ರೆ ನಾನು ಎದ್ದು ಪಕ್ಕಕ್ಕೆ ಹೋಗ್ತೀನಿ. ಇವರೆಲ್ಲ ಇಲ್ಲೇ ಇರ್ತಾರೆ."

ಹಬ್ಸೂ ಒಮ್ಮೆ ಹೆಂಗಸರ ಕಡೆ ನೋಡಿದಳು. ಆಮೇಲೆ ಅವಳ ಮುಖದಲ್ಲಿ ಹೋಗಿದ್ದ ನಗು ಮೆಲ್ಲಗೆ ಮರಳಿತು. ಕೆಟ್ಟ ನಗು.

"ಹೆಸರು ಗೊತ್ತಿಲ್ಲ. ಎಲ್ಲರೂ ಮುದುಕಿ ಅಂತೀವಿ. ಕುರ್ನಾದೋಳು. ಸೊಂಟ ಒಂದು ಕಡೆ ವಾಲಿಸಿ ನಡೀತಾಳೆ. ಸಂತೇಲಿ ದವದವ ಉಂಡೆ ಮಾರ್ತಾಳೆ, ಸಾರಿಗೆ ಹಾಕೋದು. ಉಂಡೆ ಬುಟ್ಟಿ ಕೆಳಗೆ ಪೊಟ್ಟಣ."

ಬರೀರಾಳ ಅತ್ತೆಯೂ ಕುರ್ನಾದಲ್ಲಿ ಅದನ್ನೇ ಮಾರುತ್ತಿದ್ದಳು.

"ಕುರ್ನಾದಲ್ಲಿ ದವದವ ಮಾರೋರು ಬೇಕಾದಷ್ಟು ಜನ ಇದಾರೆ," ಅಂದಳು ಬರೀರಾ.

"ಇರಬಹುದು. ಇವಳ ಮಗ ಲಿಬಿಯಾದಲ್ಲಿದಾನೆ. ಸೊಸೆ ಪೊಲೀಸಿನಲ್ಲಿದಾಳೆ ಅಂತ ಹೇಳ್ಕೊಂಡು ತಿರುಗ್ತಾಳೆ. ಅದಕ್ಕೇ ದಾರೀಲಿ ಯಾರೂ ಅವಳ ಬುಟ್ಟಿ ತೆಗೆಸಲ್ಲ." ಹಬ್ಸೂ ತಲೆ ಓರೆ ಮಾಡಿದಳು. "ಏನಕ್ಕ, ಈ ಸೀಮೇಲಿ ಹೆಂಗಸು ಪೊಲೀಸು ಎಷ್ಟು ಜನ?"

ಅಗೋಸುವಿಗೆ ಆ ವೇಗದ ಮಾತು ಪೂರ್ತಿ ತಿಳಿಯಲಿಲ್ಲ. "ಏನಂತೆ? ಏನಂದ್ಳು?" ಅಂದ. ಯಾರೂ ಹೇಳಲಿಲ್ಲ. ಲವಾಲಿ ಮಾತ್ರ ತರಚಿದ ಮುಂಗೈ ಉಜ್ಜುತ್ತ ಹತ್ತಿರ ಬಂದು, ಬರೀರಾಳನ್ನೇ ನೋಡುತ್ತ ನಿಂತ.

"ಈ ಕೂಸು ಯಾರದು?" ಬರೀರಾ ಕೇಳಿದಳು. ಕೇಳದೆ ಇರಬಹುದಿತ್ತು.

"ಇದೊಂದೇ ಅಂದ್ಕೊಂಡ್ಯಾ? ಅವಳ ಅಂಗಳದಲ್ಲಿ ಇನ್ನೂ ಇವೆ. ತಬ್ಬಲಿಗಳು, ಹಿಟ್ಟಿಗೆ ಬದಲಾಗಿ ಯಾರೋ ಬಿಟ್ಟುಹೋದವು. ಒಂದು ಸ್ವಂತ ಮೊಮ್ಮಗ ಅಂತಾಳೆ."

"ಯಾವುದು?"

"ನನಗೇನು ಗೊತ್ತು? ಎಲ್ಲವೂ ಒಂದೇ ಹಾಗೆ ಕಾಣ್ತವೆ."

ಬರೀರಾ ಎದ್ದಳು. ಕಂದೆಯಕ್ಕನ ಮಡಿಲಲ್ಲಿ ಕೂಸು ಕೂತಿತ್ತು. ಕಂದೆಯಕ್ಕ ಅದಕ್ಕೆ ಪೊಟ್ಟಣ ತಿನ್ನಿಸುತ್ತಿದ್ದಳು. ಅದು ನೆಕ್ಕುವುದು, ನಿಲ್ಲಿಸಿ ಎಲ್ಲರ ಮುಖ ನೋಡುವುದು, ಏಟು ಬೀಳಲಿಲ್ಲವೆಂದು ಮತ್ತೆ ನೆಕ್ಕುವುದು.

ಅವಳು ಎದುರಿಗೆ ಮಂಡಿಯೂರಿ ಆ ಮುಖವನ್ನು ನೇರವಾಗಿ ನೋಡಿದಳು. ಜೀವಮಾನದಲ್ಲಿ ಯಾವ ಮಗುವಿನ ಮುಖವನ್ನೂ ಅವಳು ಹಾಗೆ ನೋಡಿರಲಿಲ್ಲ. ಕೆನ್ನೆಯ ಮೇಲೆ ಗೀರುಗಳಿದ್ದವು. ನಾಮಕರಣದ ದಿನ ಕ್ಷೌರಿಕ ಹಾಕುವ ಗೀರು. ಆ ಸೀಮೆಯ ಅರ್ಧ ಮಕ್ಕಳಿಗೆ ಅದೇ ಗೀರು. ಕಿವಿ? ಮೂಗು? ಗಂಡನ ಹಣೆ? ಹಸಿವು ಎಲ್ಲವನ್ನೂ ಸವೆಸಿ ಒಂದೇ ಮಾಡಿಬಿಟ್ಟಿತ್ತು. ನೆನಪಿನಲ್ಲಿ ಹುಡುಕಿದರೆ ಸಿಗುತ್ತಿದ್ದದ್ದು ಅತ್ತೆಯ ಹೆಗಲ ಮೇಲಿನ ಒಂದು ಬೆನ್ನು, ಓರೆಗಣ್ಣಿಗೆ ಕಂಡ ಒಂದು ಕೆನ್ನೆಯ ಅಂಚು. ಅಷ್ಟೇ ನೋಡಿದ್ದಳು. ಅಷ್ಟೇ ನೋಡಬೇಕು ಎಂದು ಕಲಿಸಿದ್ದರು.

ಒಂದು ದಾರಿ ಇತ್ತು.

ಬಾಯಿ ತೆರೆದಳು. ಹೆಂಗಸರ ಕಡೆ ನೋಡಿ ಮತ್ತೆ ಮುಚ್ಚಿದಳು. ಬೇಲಿಯ ಬಳಿ ನಿಂತಿದ್ದ, ಹಬ್ಸೂವಿಗೆ ಬಾರಿಸಿದ ಮುದುಕಿಗೆ ಅರ್ಥವಾಯಿತೆಂದು ತೋರುತ್ತದೆ. ಆಕೆ ಬೇರೆಯ ಹೆಂಗಸರ ಭುಜ ಹಿಡಿದು ಎಲ್ಲರ ಮುಖವನ್ನೂ ಗೋಡೆಯ ಕಡೆ ತಿರುಗಿಸಿದಳು.

ಬರೀರಾ ಮಗನ ಹೆಸರು ಹಿಡಿದು ಕರೆದಳು.

ಆ ಹೆಸರನ್ನು ಇಲ್ಲಿ ಬರೆಯಲು ನನಗೂ ಕೈ ಬರಲಿಲ್ಲ.

ಕೂಸು ಥಟ್ಟನೆ ತಿರುಗಿತು. ಅವಳನ್ನು ನೋಡಿತು. ನೋಡಿ, ಮುದ್ದೆ ಮೆತ್ತಿದ ತನ್ನ ಎಡತೋಳನ್ನು ಅವಳ ಕಡೆ ಚಾಚಿ, ಕಾದು ಕೂತಿತು.

"ಸುಮ್ನೆ ಆಸೆ ಪಡಬೇಡ, ಅಕ್ಕ," ಹಿಂದಿನಿಂದ ಹಬ್ಸೂ ಅಂದಳು. ಈ ಸಲ ಅವಳ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. "ಊರಿಗೊಂದು ಹೆಸರು ಅದಕ್ಕೆ. ಏನಂತ ಕರೆದ್ರೂ ತಿರುಗುತ್ತೆ. ಹಾಗೆ ಕಲಿಸಿದಾಳೆ."

ಅಗೋಸು ಗಡಿಯಾರ ನೋಡಿಕೊಂಡ. ಕುರ್ನಾದ ದಾರಿ ಸಜ್ಜೆ ಹೊಲಗಳ ನಡುವೆ ಬಿಳಿಚಿಕೊಂಡು ಬಿದ್ದಿತ್ತು.

ಆ ಕೂಸು ಬರೀರಾಳ ಮಗನೋ ಅಲ್ಲವೋ, ಇದನ್ನು ಬರೆಯುವ ಈ ಹೊತ್ತಿನವರೆಗೂ ನನಗೆ ತಿಳಿದಿಲ್ಲ. ಅವಳಿಗೂ ಆಗ ತಿಳಿಯಲಿಲ್ಲ. ಅವಳು ಬಿದ್ದಿದ್ದ ಟೋಪಿ ಎತ್ತಿಕೊಂಡಳು, ಹಾಕಿಕೊಳ್ಳಲಿಲ್ಲ. ಕೂಸನ್ನು ಎಲ್ಲರೆದುರು ಸೊಂಟಕ್ಕೇರಿಸಿಕೊಂಡು ಕುರ್ನಾದ ದಾರಿ ಹಿಡಿದಳು ಎಂಬಷ್ಟು ಮಾತ್ರ ನನಗೆ ಗೊತ್ತು. ಕುರ್ನಾದ ಮುದುಕಿಯನ್ನು ಕಟ್ಟಿ ತರಲು ಹೊರಟಳೋ, ಕೇಂದ್ರವನ್ನೂ ಸಾಲಿನಲ್ಲಿ ನಿಂತ ಮಕ್ಕಳನ್ನೂ ಬಿಟ್ಟು ತನ್ನ ಮಗನನ್ನಷ್ಟೇ ಹುಡುಕಲು ಹೊರಟಳೋ, ಬೇಲಿಯ ಬಳಿ ನಿಂತು ನೋಡಿದವರಲ್ಲಿ ಯಾರೂ ಖಾತ್ರಿಯಾಗಿ ಹೇಳುತ್ತಿಲ್ಲ.